ಗುಂಡಿಯ ಮೇಲಿನ ಮಾತು ಯಾರದು? ಕನ್ನಡ ಇಂಟರ್‌ಫೇಸಿನ ವಿಧ್ಯರ್ಥ ರೂಪಗಳನ್ನು ಕುರಿತು

ಗಣಕದ ಪರದೆಯ ಮೇಲಿನ ಕನ್ನಡವನ್ನು ಕುರಿತು ನಡೆದಿರುವ ಚರ್ಚೆ ಬಹುಮಟ್ಟಿಗೆ ನಾಮಪದಗಳ ಚರ್ಚೆ. ‘ಫೈಲ್’ ಎಂಬುದು ‘ಕಡತ’ವಾಗಬೇಕೆ, ‘ಫೈಲು’ ಆಗಿಯೇ ಇರಬೇಕೆ, ‘ಸಾಫ್ಟ್‌ವೇರ್’ ‘ತಂತ್ರಾಂಶ’ವಾದದ್ದು ಸರಿಯೆ, ‘ಪಾಸ್‌ವರ್ಡ್’ ‘ಗುಪ್ತಪದ’ವೋ ‘ಪ್ರವೇಶಪದ’ವೋ. ಸಂಸ್ಕೃತ ಸಮಾಸಗಳನ್ನು ಒಪ್ಪುವವರು, ಡಿ.ಎನ್. ಶಂಕರ ಭಟ್ಟರ ವಿಚಾರಗಳಿಂದ ಪ್ರೇರಿತರಾಗಿ ಅಚ್ಚಗನ್ನಡದ ಪದಗಳನ್ನು ಕಟ್ಟಬಯಸುವವರು, ಜನಬಳಕೆಯ ಇಂಗ್ಲಿಷ್ ಪದಗಳನ್ನೇ ಕನ್ನಡ ಲಿಪಿಯಲ್ಲಿ ಬರೆದರೆ ಸಾಕೆನ್ನುವವರು, ಈ ಮೂರು ಪಕ್ಷಗಳೂ ಪರಸ್ಪರ ಒಪ್ಪದ ವಿಷಯಗಳು ಹಲವು. ಆದರೆ ಇಂಟರ್‌ಫೇಸ್ ಎಂದರೆ ಪದಗಳ ಪಟ್ಟಿ, ಪದ ಸರಿಯಾದರೆ ಬಳಕೆ ಸುಲಭವಾಗುತ್ತದೆ ಎಂಬ ಒಂದು ಗ್ರಹಿಕೆಯನ್ನು ಮೂವರೂ ಪ್ರಶ್ನೆಯಿಲ್ಲದೆ ಹಂಚಿಕೊಂಡಿದ್ದಾರೆ. ಈ ಲೇಖನದ ತಕರಾರು ಆ ಗ್ರಹಿಕೆಯೊಡನೆ. ಕನ್ನಡ ಇಂಟರ್‌ಫೇಸನ್ನು ಕಠಿಣಗೊಳಿಸಿರುವುದು ನಾಮಪದಗಳಿಗಿಂತ ಹೆಚ್ಚಾಗಿ ಕ್ರಿಯಾಪದಗಳ ರೂಪ. ಅದಕ್ಕೂ ಹಿಂದೆ, ಯಾರು ಯಾರಿಗೆ ಮಾತನಾಡುತ್ತಿದ್ದಾರೆ ಎಂಬುದನ್ನು ಅನುವಾದಕರು ನಿರ್ಧರಿಸದೆ ಬಿಟ್ಟಿರುವುದು.

ಸುಲಭಬಳಕೆಯ ಶಾಸ್ತ್ರದಲ್ಲಿ ಈ ಪ್ರಶ್ನೆ ಎದ್ದಿಲ್ಲವೆಂದಲ್ಲ, ಬೇರೆ ರೂಪದಲ್ಲಿ ಎದ್ದಿದೆ. ಬೆನ್ ಶ್ನೈಡರ್‌ಮನ್ 1983ರಲ್ಲಿ ‘ನೇರ ನಿರ್ವಹಣೆ’ಯ ಕಲ್ಪನೆಯನ್ನು ಮಂಡಿಸಿದಾಗ ಅದರ ಆಕರ್ಷಣೆಯೇ ಭಾಷೆಯ ಹೊರೆ ಕಡಿಮೆಯಾಗುತ್ತದೆ ಎಂಬುದಾಗಿತ್ತು: ಆಜ್ಞೆಯನ್ನು ನೆನಪಿಟ್ಟು ಟೈಪಿಸುವ ಬದಲು ವಸ್ತುವನ್ನು ಕಂಡು, ಹಿಡಿದು, ಎಳೆಯುವುದು. ಯಾಕೋಬ್ ನೀಲ್ಸನ್ 1994ರಲ್ಲಿ ಅಂತಿಮಗೊಳಿಸಿದ ಹತ್ತು ಸೂತ್ರಗಳಲ್ಲಿ ಎರಡನೆಯದು, ವ್ಯವಸ್ಥೆಯು ಬಳಕೆದಾರರ ಭಾಷೆಯನ್ನು ಆಡಬೇಕು ಎನ್ನುತ್ತದೆ. ಅದೇ ವರ್ಷ ಜೆಫ್ ರಾಸ್ಕಿನ್ ಒಂದು ಚಿಕ್ಕ ಟಿಪ್ಪಣಿಯಲ್ಲಿ, ನಾವು ‘ಸಹಜ’ವೆಂದು ಕರೆಯುವ ಇಂಟರ್‌ಫೇಸ್ ನಿಜವಾಗಿ ‘ಪರಿಚಿತ’ವಾದದ್ದಷ್ಟೇ ಎಂದು ವಾದಿಸಿದ. ನಮ್ಮಲ್ಲಿ ನೀಲ್ಸನ್‌ನ ಸೂತ್ರವನ್ನು ಪದಕೋಶದ ಸೂತ್ರವಾಗಿ ಓದಿಕೊಂಡದ್ದಾಯಿತು. ಭಾಷೆ ಎಂದರೆ ಪದಕೋಶವಲ್ಲ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ.

ವ್ಯಾಕರಣದ ಕಡೆಯಿಂದ ನೋಡಿದರೆ ಚಿತ್ರಾತ್ಮಕ ಇಂಟರ್‌ಫೇಸ್ ಕನ್ನಡಕ್ಕೆ ಅನನುಕೂಲವಾದದ್ದೇನೂ ಅಲ್ಲ. ಯುನಿಕ್ಸಿನಂಥ ಆಜ್ಞಾಸಾಲಿನ ವ್ಯವಸ್ಥೆಯಲ್ಲಿ ಕ್ರಿಯೆ ಮೊದಲು, ಕರ್ಮ ಆಮೇಲೆ. ಜೆರಾಕ್ಸ್ ಸ್ಟಾರ್ (1981), ಮ್ಯಾಕಿಂಟಾಷ್ (1984) ಯಂತ್ರಗಳಲ್ಲಿ ನೆಲೆಗೊಂಡ ಕ್ರಮ ಇದರ ತಿರುವು: ಮೊದಲು ವಸ್ತುವನ್ನು ಆರಿಸು, ಆಮೇಲೆ ಮಾಡಬೇಕಾದ್ದನ್ನು ಹೇಳು. ಕರ್ಮ ಮುಂದಾಗಿ ಕ್ರಿಯೆ ಕೊನೆಯಲ್ಲಿ ಬರುವ ಈ ಕ್ರಮ ಇಂಗ್ಲಿಷಿನ ವಾಕ್ಯಕ್ಕೆ ವಿರುದ್ಧವಾದದ್ದು, ಕನ್ನಡದ ವಾಕ್ಯಕ್ಕೆ ತೀರ ಒಗ್ಗುವಂಥದು. ಕಡತದ ಮೇಲೆ ಬೆರಳಿಟ್ಟಾಗ ‘ಇದನ್ನು’ ಎಂದಾಯಿತು. ಗುಂಡಿ ಒತ್ತಿದಾಗ ‘ಅಳಿಸು’ ಎಂದಾಯಿತು. ವಾಕ್ಯ ಪೂರ್ಣವಾಯಿತು. ಹೀಗೆ ಕ್ರಿಯಾಪದದ ಸ್ಥಾನದಲ್ಲಿ ಕುಳಿತಿರುವುದು ಗುಂಡಿ ಎಂದಾದರೆ, ಆ ಕ್ರಿಯಾಪದದ ಪುರುಷ, ವಚನ, ಗೌರವ ಯಾವುವು ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. (‘ಗುಂಡಿ’ ಎಂಬ ಪದ ಬೆಂಗಳೂರಿನ ಓದುಗರಿಗೆ ಮೊದಲು ರಸ್ತೆಯನ್ನೇ ನೆನಪಿಸುತ್ತದೆ, ಆದರೂ ಅಂಗಿಯಿಂದ ಲಿಫ್ಟಿನವರೆಗೆ ನಮಗಿರುವ ಪದ ಅದೇ.)

ಇಂಗ್ಲಿಷಿಗೆ ಈ ಪ್ರಶ್ನೆಯೇ ಇಲ್ಲ. ಅಲ್ಲಿ ವಿಧ್ಯರ್ಥಕ್ಕೆ ಒಂದೇ ರೂಪ. ಕನ್ನಡಕ್ಕೆ ಕನಿಷ್ಠ ಎರಡು: ‘ಉಳಿಸು’, ‘ಉಳಿಸಿ’. ಗ್ರಂಥಭಾಷೆಯ ‘ಉಳಿಸಿರಿ’ಯನ್ನು ಸೇರಿಸಿದರೆ ಮೂರು. ನಮ್ಮ ಮುಂದಿರುವ ಕನ್ನಡ ಇಂಟರ್‌ಫೇಸುಗಳು ಇಲ್ಲಿ ಎರಡು ಬಣಗಳಾಗಿ ಒಡೆದಿವೆ. ಗ್ನೋಮ್, ಲಿಬ್ರೆ ಆಫೀಸ್ ಮುಂತಾದ ಮುಕ್ತ ತಂತ್ರಾಂಶಗಳ ಅನುವಾದಕರು ‘ಉಳಿಸು’, ‘ಮುಚ್ಚು’ ಎಂಬ ಏಕವಚನವನ್ನು ಹಿಡಿದರು. ಆ್ಯಂಡ್ರಾಯ್ಡ್ ಫೋನುಗಳಲ್ಲಿ ‘ಉಳಿಸಿ’, ‘ಅಳಿಸಿ’, ‘ರದ್ದುಮಾಡಿ’, ‘ಹಂಚಿಕೊಳ್ಳಿ’. ಕನ್ನಡ ವಿಕಿಪೀಡಿಯದಲ್ಲಿಯಂತೂ ಒಂದೇ ಪಟ್ಟಿಯಲ್ಲಿ ‘ಓದು’ ಮತ್ತು ‘ಸಂಪಾದಿಸಿ’ ಅಕ್ಕಪಕ್ಕ ಕುಳಿತದ್ದುಂಟು. ಈಗ ಕೋಟ್ಯಂತರ ಕೈಗಳಲ್ಲಿರುವುದು ಫೋನಾದ್ದರಿಂದ ಬಹುವಚನದ ಬಣ ಗೆದ್ದಿದೆ ಎನ್ನಬೇಕು. ಗೆಲ್ಲಬೇಕಾಗಿರಲಿಲ್ಲ ಎಂಬುದು ನನ್ನ ವಾದ.

ಕುರುಬರಹಳ್ಳಿಯಂಥ ಬಡಾವಣೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕಾಲು ಗಂಟೆ ನಿಂತರೆ ಸಾಕು, ಇದಕ್ಕೆ ಬೇಕಾದ ಭಾಷಿಕ ಸಾಮಗ್ರಿ ಸಿಗುತ್ತದೆ. ಮದುವೆ ಕರೆಯೋಲೆಯ ಡಿಟಿಪಿ, ಬಾಡಿಗೆ ಕರಾರು, ಜಾತಿ ಪ್ರಮಾಣಪತ್ರದ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ ಎಲ್ಲವೂ ಅಲ್ಲಿಯೇ. ಅಂಗಡಿಯವರು ಗಣಕದ ಮುಂದೆ, ಗಿರಾಕಿ ಅವರ ಹೆಗಲ ಹಿಂದೆ. ಗಿರಾಕಿ ಪರದೆಯನ್ನು ನೋಡುತ್ತ ಹೇಳುವ ಮಾತುಗಳಿವು: ‘ಓಕೆ ಕೊಡಿ’, ‘ಸೇವ್ ಕೊಡಿ’, ‘ಎಂಟರ್ ಹೊಡೀರಿ’, ‘ಸರ್ಚ್ ಕೊಟ್ಟು ನೋಡಿ’, ‘ಸಬ್‌ಮಿಟ್ ಕೊಟ್ರಾ ಅಣ್ಣಾ?’ ಇದು ಸಮೀಕ್ಷೆಯಲ್ಲ, ಯಾರು ಬೇಕಾದರೂ ಕೇಳಿಸಿಕೊಳ್ಳಬಹುದಾದ ದಿನಬಳಕೆ. ಇಲ್ಲಿ ಗಮನಿಸಬೇಕಾದ್ದು ‘ಕೊಡು’ ಎಂಬ ಕ್ರಿಯಾಪದ. ‘ಸೇವ್ ಮಾಡಿ’ ಎಂಬ ರೂಪವೂ ಇದೆ. ಆದರೆ ಅದು ಕೆಲಸವನ್ನು ಹೇಳುತ್ತದೆ. ‘ಸೇವ್ ಕೊಡಿ’ ಎಂಬುದು ಗುಂಡಿಯನ್ನು ಹೇಳುತ್ತದೆ. ಅಲ್ಲಿ ‘ಸೇವ್’ ಒಂದು ಉದ್ಧೃತ ಮಾತು. ಅದನ್ನು ಯಂತ್ರಕ್ಕೆ ‘ಕೊಡಲಾಗುತ್ತದೆ’. ಯಾರೂ ಕಲಿಸದೆ, ಯಾವ ಶೈಲಿ ಕೈಪಿಡಿಯ ನೆರವೂ ಇಲ್ಲದೆ ಕನ್ನಡಿಗರು ಒಂದು ತೀರ್ಮಾನಕ್ಕೆ ಬಂದಿದ್ದಾರೆ: ಗುಂಡಿಯ ಮೇಲಿರುವುದು ಯಂತ್ರ ನಮಗೆ ಹೇಳುವ ಮಾತಲ್ಲ, ನಾವು ಯಂತ್ರಕ್ಕೆ ಕೊಡುವ ಮಾತು.

ಅರ್ಜಿಯ ಪುಟ ಕನ್ನಡದಲ್ಲಿದ್ದ ಒಂದು ದಿನ ಇದೇ ಅಂಗಡಿಯಲ್ಲಿ ಹೀಗಾಯಿತು. ಪುಟದ ಕೆಳಗೆ ‘ಸಲ್ಲಿಸಿ’ ಎಂಬ ಗುಂಡಿಯಿತ್ತು. ಹಿಂದೆ ನಿಂತಿದ್ದ ಹೆಂಗಸು ಅದನ್ನು ಓದಿ, ‘ಅಣ್ಣಾ, ಸಲ್ಲಿಸಿ ಕೊಡಿ’ ಎಂದರು. ಅಂಗಡಿಯವರು ತಿರುಗದೆಯೇ, ‘ಸಲ್ಲಿಸಿ ಆಮೇಲೆ ಕೊಡ್ತೀನಿ ಇರಿ ಅಕ್ಕಾ, ಇನ್ನೂ ಒಂದು ಪೇಜಿದೆ’ ಎಂದರು. ಆಕೆ ಹೇಳಿದ್ದು ಗುಂಡಿಯ ಹೆಸರನ್ನು. ಅವರು ಕೇಳಿಸಿಕೊಂಡದ್ದು ಕೃದಂತಾವ್ಯಯವನ್ನು. ಇಬ್ಬರದೂ ತಪ್ಪಿಲ್ಲ. ‘ಸಬ್‌ಮಿಟ್ ಕೊಡಿ’ ಎಂದಿದ್ದರೆ ಈ ಗೊಂದಲಕ್ಕೆ ಎಡೆಯಿರಲಿಲ್ಲ. ಆಗ ನಾವು ಇಂಗ್ಲಿಷ್ ಪದ ಪರಿಚಿತ, ಕನ್ನಡ ಪದ ಅಪರಿಚಿತ ಎಂದು ರಾಸ್ಕಿನ್ನನ ಮಾತನ್ನು ಉಲ್ಲೇಖಿಸಿ ಸುಮ್ಮನಾಗುತ್ತಿದ್ದೆವು. ಆದರೆ ‘ಸಲ್ಲಿಸು’ ಆಕೆಗೂ ಅಪರಿಚಿತವಲ್ಲ, ಅಂಗಡಿಯವರಿಗೂ ಅಲ್ಲ. ಕೆಟ್ಟದ್ದು ಧಾತುವಲ್ಲ, ಪ್ರತ್ಯಯ.

ಕಾರಣ ವ್ಯಾಕರಣದ ಪ್ರಾಥಮಿಕ ಪಾಠದಲ್ಲಿಯೇ ಇದೆ. ಉಕಾರಾಂತ ಧಾತುಗಳ ದೊಡ್ಡ ವರ್ಗವೊಂದರಲ್ಲಿ ವಿಧ್ಯರ್ಥದ ಬಹುವಚನವೂ ಭೂತನ್ಯೂನವೂ ಒಂದೇ ರೂಪದವು: ಮಾಡಿ, ಹುಡುಕಿ, ಮುಚ್ಚಿ, ನೋಡಿ. ಎಲ್ಲ ಧಾತುಗಳಲ್ಲಿ ಹೀಗಿಲ್ಲ. ‘ಕೊಡಿ’ಗೆ ‘ಕೊಟ್ಟು’ ಇದೆ, ‘ತೆರೆಯಿರಿ’ಗೆ ‘ತೆರೆದು’ ಇದೆ, ‘ಬಿಡಿ’ಗೆ ‘ಬಿಟ್ಟು’ ಇದೆ. ಆದರೆ ಗಣಕದ ಶಬ್ದಸಂಪತ್ತು ಬೆಳೆದಿರುವುದು ಯಾವ ಧಾತುಗಳಿಂದ? ಉಳಿಸು, ಅಳಿಸು, ಸೇರಿಸು, ನಕಲಿಸು, ಅಂಟಿಸು, ಕತ್ತರಿಸು, ಮುದ್ರಿಸು, ನಮೂದಿಸು, ದೃಢೀಕರಿಸು, ಮುಂದುವರಿಸು, ಕಳುಹಿಸು. ಬಹುತೇಕ ಎಲ್ಲವೂ ‘-ಇಸು’ ಪ್ರತ್ಯಯದವು; ಪ್ರೇರಣಾರ್ಥಕಗಳು, ಇಲ್ಲವೆ ಸಂಸ್ಕೃತ ಅಥವಾ ಅನ್ಯದೇಶ್ಯ ನಾಮಗಳಿಂದ ಕಟ್ಟಿದವು. ‘-ಇಸು’ ಧಾತುಗಳಲ್ಲಿ ಈ ಸಮರೂಪತೆಗೆ ಅಪವಾದವೇ ಇಲ್ಲ. ಆಧುನಿಕ ಕನ್ನಡ ಹೊಸ ಕ್ರಿಯಾಪದಗಳನ್ನು ಕಟ್ಟುವ ಅತ್ಯಂತ ಫಲವತ್ತಾದ ದಾರಿಯೇ ಇಂಟರ್‌ಫೇಸಿನ ಪಾಲಿಗೆ ಅತ್ಯಂತ ಸಂದಿಗ್ಧವಾದ ದಾರಿಯಾಗಿದೆ.

ಮಾತಿನಲ್ಲಿ ಈ ಸಂದಿಗ್ಧತೆ ನಮ್ಮನ್ನು ಕಾಡುವುದಿಲ್ಲ. ‘ಮಾಡಿ’ ಎಂದು ಸ್ವರ ಇಳಿದರೆ ವಿಧಿ, ಏರಿ ನಿಂತರೆ ಮುಂದಿನ ಕ್ರಿಯೆಯ ನಿರೀಕ್ಷೆ. ವಾಕ್ಯದ ಒಳಗಿನ ಬರಹದಲ್ಲಿಯೂ ಮುಂದಿನ ಕ್ರಿಯಾಪದ ದಾರಿ ತೋರಿಸುತ್ತದೆ. ಗುಂಡಿಗೆ ಇವೆರಡೂ ಇಲ್ಲ: ಅದು ಸ್ವರವಿಲ್ಲದ, ನೆರೆಯಿಲ್ಲದ ಒಂಟಿ ಪದ. ಹೀಗಾಗಿ ಪರದೆಯ ಮೇಲೆ ‘ಅಳಿಸಿ’ ಎಂಬುದನ್ನು ಕಂಡವರು ಅದನ್ನು ಮೂರು ಬಗೆಯಲ್ಲಿ ಓದಬಹುದು: ‘ಅಳಿಸು’ ಎಂಬ ಆಜ್ಞೆ, ‘ನೀವು ಅಳಿಸಿರಿ’ ಎಂಬ ಸೂಚನೆ, ‘ಅಳಿಸಿ, ಇನ್ನೇನೋ’ ಎಂಬ ಅಪೂರ್ಣ ವಾಕ್ಯ. ದೂರದಲ್ಲಿರುವ ತಾಯಿಗೆ ಫೋನಿನಲ್ಲಿ ದಾರಿ ಹೇಳುವ ಮಗಳನ್ನು ನೆನೆಯಿರಿ. ‘ಅಮ್ಮಾ, ಕಳುಹಿಸಿ ಒತ್ತು’ ಎಂದರೆ, ಮೊದಲು ಕಳುಹಿಸಬೇಕು, ಆಮೇಲೆ ಏನನ್ನೋ ಒತ್ತಬೇಕು ಎಂದು ಅಮ್ಮನಿಗೆ ತೋರುತ್ತದೆ. ‘ಕಳುಹಿಸು ಅಂತ ಇದೆಯಲ್ಲ, ಅದನ್ನ ಒತ್ತು’ ಎಂದು ಮಗಳು ತಾನಾಗಿಯೇ ರೂಪ ಬದಲಿಸಿಕೊಂಡರೆ, ಪರದೆಯ ಮೇಲೆ ‘ಕಳುಹಿಸು’ ಇಲ್ಲವಲ್ಲ ಎಂದು ಅಮ್ಮ ಹುಡುಕುತ್ತಾಳೆ. ಪರದೆಯನ್ನು ಕಾಣದೆ ಕೇಳಿಯೇ ಬಳಸುವ ಅಂಧರಿಗೆ ಈ ಒಂಟಿ ಪದವನ್ನು ಯಂತ್ರವೇ ಉಚ್ಚರಿಸುತ್ತದೆ. ಇಳಿಸ್ವರವೋ ಏರುಸ್ವರವೋ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು?

ಧಾರವಾಡದ ಓದುಗರಿಗೆ ತೊಡಕು ಇನ್ನೂ ಒಂದು ಪಟ್ಟು ಹೆಚ್ಚು. ಅಲ್ಲಿಯ ಆಡುಮಾತಿನ ಗೌರವರೂಪ ‘ಮಾಡ್ರಿ’. ‘ಮಾಡಿ’ ಮುಖ್ಯವಾಗಿ ನ್ಯೂನಕ್ರಿಯೆ. ಪರದೆಯ ‘ಉಳಿಸಿ’ ಹಳೆಯ ಮೈಸೂರಿನ ಸೌಜನ್ಯವನ್ನು ಇಡೀ ರಾಜ್ಯದ ಸೌಜನ್ಯವೆಂದು ಭಾವಿಸಿದೆ. ‘ಉಳಿಸಿರಿ’ ಎಂದು ಬರೆದಿದ್ದರೆ ಉತ್ತರಕ್ಕೂ ಹತ್ತಿರವಾಗುತ್ತಿತ್ತು, ಸಮರೂಪತೆಯೂ ತಪ್ಪುತ್ತಿತ್ತು. ಒಂದು ಅಕ್ಷರದಷ್ಟು ಜಾಗ ಹೆಚ್ಚು ಬೇಕಾಗುತ್ತಿತ್ತು, ಅಷ್ಟೆ. ಆದರೆ ಆ ಪರಿಹಾರವೂ ರೂಪದ ತೊಡಕನ್ನು ಬಿಡಿಸುತ್ತದೆಯೇ ಹೊರತು, ಮಾತು ಯಾರದು ಎಂಬ ತೊಡಕನ್ನಲ್ಲ.

ಡೊನಾಲ್ಡ್ ನಾರ್ಮನ್ 1988ರ ತನ್ನ ಪುಸ್ತಕದಲ್ಲಿ ಬಾಗಿಲುಗಳನ್ನು ಕುರಿತು ಬರೆದದ್ದು ಪ್ರಸಿದ್ಧ: ತಳ್ಳಬೇಕೋ ಎಳೆಯಬೇಕೋ ತಿಳಿಯದ ಬಾಗಿಲು ಕೆಟ್ಟ ವಿನ್ಯಾಸ. ನಮ್ಮ ಬ್ಯಾಂಕುಗಳ ಗಾಜಿನ ಬಾಗಿಲಿನ ಮೇಲಿನ ‘ತಳ್ಳಿ’, ‘ಎಳೆಯಿರಿ’ ಫಲಕಗಳನ್ನು ಗಮನಿಸಿ. ಅಲ್ಲಿ ಬಹುವಚನ ಸರಿಯಾಗಿದೆ. ಮಾತು ಬ್ಯಾಂಕಿನದು, ತಳ್ಳುವವರು ನಾವು. ಮುದ್ರಣದ ಗುಂಡಿಯಲ್ಲಿ ಮುದ್ರಿಸುವವರು ನಾವಲ್ಲ, ಯಂತ್ರ, ಮಾತು ನಮ್ಮದು. ಇಂಗ್ಲಿಷಿನ ವಿಧ್ಯರ್ಥ ಬಾಗಿಲಿಗೂ ಗುಂಡಿಗೂ ಒಂದೇ ಆದದ್ದರಿಂದ ಈ ವ್ಯತ್ಯಾಸ ಅಲ್ಲಿ ಕಾಣಿಸಿಕೊಳ್ಳುವುದಿಲ್ಲ. ಗಾಫ್‌ಮನ್ ಮಾತಿನ ‘ನೆಲೆ’ಯನ್ನು ಕುರಿತು 1979ರಲ್ಲಿ ಮಾಡಿದ ವಿಭಜನೆ ಇಲ್ಲಿ ಬಹಳ ಉಪಯುಕ್ತ: ಮಾತನ್ನು ಉಚ್ಚರಿಸುವವರು, ಅದರ ಪದಗಳನ್ನು ಕಟ್ಟಿದವರು, ಅದಕ್ಕೆ ಬದ್ಧರಾಗುವವರು ಒಬ್ಬರೇ ಆಗಿರಬೇಕಿಲ್ಲ. ಗುಂಡಿಯ ಪದವನ್ನು ಕಟ್ಟಿದವರು ಎಲ್ಲೋ ಕುಳಿತ ವಿನ್ಯಾಸಕರು, ಆದರೆ ಒತ್ತಿದ ಕ್ಷಣದಲ್ಲಿ ಅದಕ್ಕೆ ಬದ್ಧರಾಗುವವರು ಬಳಕೆದಾರರು. ಒಪ್ಪಂದಪತ್ರಕ್ಕೆ ಸಹಿ ಹಾಕಿದಂತೆ, ಬೇರೆಯವರು ಬರೆದ ವಾಕ್ಯ ನನ್ನದಾಗುತ್ತದೆ.

ಹಾಗಾದರೆ ಒರೆಗಲ್ಲು ಸರಳ: ಕ್ರಿಯೆಯ ಕರ್ತೃ ಯಾರು? ‘ನಿಮ್ಮ ಹೆಸರನ್ನು ನಮೂದಿಸಿ’, ‘ಜಿಲ್ಲೆಯನ್ನು ಆರಿಸಿ’, ‘ಕಾರ್ಡನ್ನು ತೂರಿಸಿ’, ಇಲ್ಲೆಲ್ಲ ಯಂತ್ರ ಕೇಳುತ್ತಿದೆ, ಮಾಡುವವರು ನಾವು, ಬಹುವಚನವೇ ತಕ್ಕದ್ದು. ‘ಉಳಿಸು’, ‘ಮುದ್ರಿಸು’, ‘ಕಳುಹಿಸು’, ಇಲ್ಲಿ ಮಾಡುವುದು ಯಂತ್ರ, ಏಕವಚನವೇ ತಕ್ಕದ್ದು. ಕನ್ನಡದ ಕೈಯಲ್ಲಿ ಇಂಗ್ಲಿಷಿಗೆ ಇಲ್ಲದ ಒಂದು ಉಪಕರಣವಿತ್ತು: ಕೇವಲ ಕ್ರಿಯಾರೂಪದಿಂದಲೇ ‘ಇದು ನಿಮ್ಮ ಸರದಿ’, ‘ಇದು ಯಂತ್ರದ ಸರದಿ’ ಎಂದು ಬೇರ್ಪಡಿಸಬಹುದಾಗಿತ್ತು. ಎಲ್ಲವನ್ನೂ ‘-ಇ’ಕಾರಕ್ಕೆ ತಂದು ಆ ಉಪಕರಣವನ್ನು ಮೊಂಡುಮಾಡಿದ್ದೇವೆ.

ಇದಕ್ಕೆ ಎದುರಾಗುವ ಆಕ್ಷೇಪ ಸೌಜನ್ಯದ್ದು. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ‘ಉಳಿಸು’ ಎಂದು ಕಂಡಾಗ ಯಂತ್ರ ತಮ್ಮನ್ನು ಏಕವಚನದಲ್ಲಿ ಕರೆಯಿತೆಂದು ಹಿರಿಯರು ಮುನಿಸಿಕೊಳ್ಳುವುದುಂಟು. ಬ್ರೌನ್ ಮತ್ತು ಗಿಲ್ಮನ್ 1960ರಲ್ಲಿ ತೋರಿಸಿದ ಅಧಿಕಾರ–ಆಪ್ತತೆಗಳ ಅಕ್ಷ ಕನ್ನಡದ ‘ನೀನು–ನೀವು’ಗಳಲ್ಲಿ ಇಂದಿಗೂ ಜೀವಂತವಾಗಿದೆ. ಆದರೆ ಆ ಮುನಿಸು ಹುಟ್ಟುವುದು ಗುಂಡಿಯನ್ನು ಫಲಕವೆಂದು ಓದಿದಾಗ. ಹಾಗೆ ಓದುವ ಅಭ್ಯಾಸವನ್ನು ಬೆಳೆಸಿದ್ದು ಗುಂಡಿಗಳನ್ನೆಲ್ಲ ಫಲಕದ ಭಾಷೆಯಲ್ಲಿ ಬರೆದ ನಾವೇ. ದೇವರನ್ನು, ಮಗುವನ್ನು, ಎತ್ತನ್ನು, ಹಠಮಾಡುವ ಸ್ಕೂಟರನ್ನು ಏಕವಚನದಲ್ಲಿಯೇ ಮಾತನಾಡಿಸುವ ಜನ ಗಣಕಕ್ಕೆ ಮಾತ್ರ ‘ದಯವಿಟ್ಟು ಮುದ್ರಿಸಿ’ ಎನ್ನಬೇಕಾದ ಅಗತ್ಯವಿಲ್ಲ. ಮುನಿಸಿಕೊಂಡ ಹಿರಿಯರಿಗೆ ಇದನ್ನು ವಿವರಿಸಬಹುದು. ‘ಅನುಮತಿಸಬೇಡಿ’ ಎಂಬ ಗುಂಡಿಯಿಂದ ಆಗುವ ಹಾನಿಯನ್ನು ವಿವರಿಸಿ ಸರಿಪಡಿಸಲಾಗದು.

ಆ ಗುಂಡಿಯ ಸಂಗತಿ ಹೀಗಿದೆ. ಯಾವುದೋ ಆ್ಯಪ್ ನಮ್ಮ ಸಂಪರ್ಕಪಟ್ಟಿಯನ್ನೋ ನಾವಿರುವ ಸ್ಥಳವನ್ನೋ ನೋಡಲು ಬಯಸಿದಾಗ ಫೋನು ನಮ್ಮ ಒಪ್ಪಿಗೆ ಕೇಳುತ್ತದೆ. ಉತ್ತರಗಳು ‘ಅನುಮತಿಸಿ’, ‘ಅನುಮತಿಸಬೇಡಿ’. ನಿಷೇಧಾರ್ಥದಲ್ಲಿ ಬಹುವಚನ ಬಂದ ಕೂಡಲೇ ಮಾತಿನ ದಿಕ್ಕು ತಿರುಗಿ, ಅದು ಆಯ್ಕೆಯಾಗಿ ಉಳಿಯದೆ ಯಂತ್ರದ ಎಚ್ಚರಿಕೆಯಾಗುತ್ತದೆ. ‘ಇಲ್ಲಿ ಉಗುಳಬೇಡಿ’ ಎಂಬ ಜಾತಿಯ ವಾಕ್ಯವಾಗುತ್ತದೆ. ‘ಅನುಮತಿಸಿ’ ಎಂಬುದು ಅದೇ ತರ್ಕದಲ್ಲಿ ವಿನಂತಿಯಾಗುತ್ತದೆ. ಸಂಕೋಚಸ್ವಭಾವದವರು ವಿನಂತಿಯನ್ನು ನಡೆಸಿಕೊಡುತ್ತಾರೆ. ವ್ಯಕ್ತಿಯ ಖಾಸಗಿ ಮಾಹಿತಿಯ ಒಪ್ಪಿಗೆ ಒಂದು ಪ್ರತ್ಯಯದ ಮೇಲೆ ನಿಂತಿರುವಾಗ ಇದನ್ನು ಶೈಲಿಯ ಪ್ರಶ್ನೆ ಎಂದು ಕರೆಯುವುದು ತಪ್ಪಾಗುತ್ತದೆ. ‘ಬಿಡು’, ‘ಬಿಡಬೇಡ’ ಎಂದು ಬರೆದು ನೋಡಿ: ಬಾಗಿಲಲ್ಲಿ ನಿಂತವನನ್ನು ಒಳಗೆ ಬಿಡಬೇಕೋ ಬೇಡವೋ ಎಂದು ಮನೆಯೊಡತಿ ಕಾವಲುಗಾರನಿಗೆ ಹೇಳಿದಂತಿದೆ. ಅಧಿಕಾರ ಯಾರದೆಂಬುದು ಸ್ಪಷ್ಟ.

ಉತ್ತರದ ಗುಂಡಿಗಳ ವಿಷಯದಲ್ಲಿ ಮತ್ತೊಂದು ತಪ್ಪು ಮನೆಮಾಡಿಕೊಂಡಿದೆ. ‘ರಸೀದಿ ಬೇಕೆ?’ ಎಂದು ಎಟಿಎಂ ಕೇಳಿ ‘ಹೌದು’, ‘ಇಲ್ಲ’ ಎಂಬ ಎರಡು ಉತ್ತರಗಳನ್ನು ಮುಂದಿಟ್ಟರೆ, ಪದಗಳೆಲ್ಲ ಕನ್ನಡವೇ, ಸಂವಾದ ಕನ್ನಡವಲ್ಲ. ‘ಬೇಕೆ?’ ಎಂಬುದಕ್ಕೆ ಕನ್ನಡದ ಉತ್ತರ ‘ಬೇಕು’, ‘ಬೇಡ’. ‘ಬಂದರೆ?’ ಎಂದರೆ ‘ಬಂದರು’, ‘ಇದೆಯೆ?’ ಎಂದರೆ ‘ಇದೆ’, ‘ಇಲ್ಲ’. ‘ಇದು ನಿಮ್ಮ ಸಂಖ್ಯೆಯೆ?’ ಎಂದರೆ ‘ಹೌದು’, ‘ಅಲ್ಲ’. ಇಂಗ್ಲಿಷಿನ ಒಂದು ನಿಷೇಧಪದದ ಜಾಗದಲ್ಲಿ ಕನ್ನಡ ‘ಇಲ್ಲ’, ‘ಅಲ್ಲ’, ‘ಬೇಡ’ಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡಿದೆ, ಪ್ರಶ್ನೆಯ ಕ್ರಿಯಾಪದವನ್ನೇ ಉತ್ತರದಲ್ಲಿ ಮರಳಿಸುತ್ತದೆ. ಇದು ವಿನ್ಯಾಸಕ್ಕೆ ಸಿಕ್ಕ ವರ. ಪ್ರಶ್ನೆಯನ್ನು ಓದದೆ ಗುಂಡಿಯನ್ನಷ್ಟೇ ನೋಡುವವರಿಗೆ ‘ಬೇಡ’ ಎಂಬುದು ‘ಇಲ್ಲ’ ಎಂಬುದಕ್ಕಿಂತ ಹೆಚ್ಚು ಹೇಳುತ್ತದೆ. ‘ಟಿಕೆಟ್ ರದ್ದುಮಾಡಬೇಕೆ?’ ಎಂದು ಕೇಳಿ ‘ಸರಿ’, ‘ರದ್ದುಮಾಡಿ’ ಎಂದು ಉತ್ತರ ಕೊಡುವ ಪೆಟ್ಟಿಗೆಯನ್ನು ನಾನು ಕಂಡಿದ್ದೇನೆ. ಯಾವುದನ್ನು ಒತ್ತಿದರೆ ಟಿಕೆಟ್ ಉಳಿಯುತ್ತದೆ ಎಂದು ಈಗಲೂ ಖಚಿತವಾಗಿ ಹೇಳಲಾರೆ. ‘ಬೇಕು’, ‘ಬೇಡ’ ಎಂದಿದ್ದರೆ ಆ ಪೆಟ್ಟಿಗೆಗೆ ತೊಡಕೇ ಇರಲಿಲ್ಲ.

ಪದಗಳ ಚರ್ಚೆ ಪೂರ್ತಿ ನಿರರ್ಥಕವೆಂದು ನಾನು ಹೇಳುತ್ತಿಲ್ಲ. ಆದರೆ ಅಲ್ಲಿಯೂ ನೋಡಬೇಕಾದ್ದನ್ನು ನೋಡಿಲ್ಲ. ‘ಉಳಿಸು’, ‘ಅಳಿಸು’ ಎರಡೂ ಒಳ್ಳೆಯ ಕನ್ನಡ ಪದಗಳೆಂದು ಎಲ್ಲ ಪಕ್ಷದವರೂ ಒಪ್ಪಿದರು. ಧ್ವನಿಮಾಶಾಸ್ತ್ರದ ಮೊದಲ ತರಗತಿಯ ವಿದ್ಯಾರ್ಥಿಯೂ ಇವನ್ನು ಕನಿಷ್ಠ ಭೇದಯುಗ್ಮವೆಂದು ಗುರುತಿಸುತ್ತಾನೆ. ಇಡೀ ಯಂತ್ರದಲ್ಲಿ ಪರಸ್ಪರ ಅತ್ಯಂತ ವಿರುದ್ಧವಾದ, ಒಂದಕ್ಕೆ ಬದಲು ಇನ್ನೊಂದನ್ನು ಒತ್ತಿದರೆ ಅತ್ಯಂತ ನಷ್ಟವಾಗುವ ಎರಡು ಆಜ್ಞೆಗಳು ಮೂರಕ್ಷರದಲ್ಲಿ ಎರಡನ್ನು ಹಂಚಿಕೊಂಡು, ಮೊದಲ ಸ್ವರದಲ್ಲಿ ಮಾತ್ರ ಭಿನ್ನವಾಗಿವೆ. ‘ಅಳಿವು ಉಳಿವು’ ಎಂಬ ಜೋಡುನುಡಿಯ ಸೊಗಸು ಮಾತಿನಲ್ಲಿ ಚೆನ್ನ. ಆರಿಂಚಿನ ಪರದೆಯ ಮೇಲೆ, ಕನ್ನಡಕ ಮರೆತು ಬಂದವರಿಗೆ, ಅದು ಅಪಾಯ. ‘ತೆಗೆ’ ಅಥವಾ ‘ತೆಗೆದುಹಾಕು’ ಬಳಕೆಯಲ್ಲಿದ್ದೂ ಅದನ್ನು ಬಿಟ್ಟದ್ದೇಕೆ? ಬಹುಶಃ ಪಟ್ಟಿಯಲ್ಲಿ ಈ ಎರಡು ಪದಗಳು ದೂರದೂರದ ಸಾಲುಗಳಲ್ಲಿದ್ದವು. ಅಕ್ಕಪಕ್ಕ ನಿಂತಾಗ ಹೇಗೆ ಕಾಣುತ್ತವೆಂದು ಅನುವಾದಕರಿಗೆ ತೋರಲಿಲ್ಲ.

ಮೂಲದೋಷ ಆ ಪಟ್ಟಿಯಲ್ಲಿಯೇ ಇದೆ. ಅನುವಾದಕರ ಮುಂದೆ ಬರುವುದು ಪರದೆಯಲ್ಲ, ಇಂಗ್ಲಿಷ್ ಪದಸರಣಿ. ಗೆಟ್‌ಟೆಕ್ಸ್ಟ್ ವ್ಯವಸ್ಥೆಯಲ್ಲಿ ಒಂದೇ ಬಗೆಯ ಇಂಗ್ಲಿಷ್ ಮಾತು ಎರಡು ಕಡೆ ಬಂದಿದ್ದರೆ, ಸಂದರ್ಭವನ್ನು ಪ್ರತ್ಯೇಕವಾಗಿ ಗುರುತಿಸದ ಹೊರತು, ಎರಡಕ್ಕೂ ಒಂದೇ ಅನುವಾದ. ಆಜ್ಞೆಯಾಗಿ ‘ತೆರೆ’ಯಾಗಬೇಕಾದದ್ದೂ ಸ್ಥಿತಿಯಾಗಿ ‘ತೆರೆದಿದೆ’ ಆಗಬೇಕಾದದ್ದೂ ಅಲ್ಲಿ ಒಂದೇ ಸಾಲು. ಕಡತದ ಹೆಸರನ್ನು ತುಂಬುವ ಖಾಲಿ ಜಾಗದ ಮುಂದೆ ವಿಭಕ್ತಿಪ್ರತ್ಯಯ ‘ಅನ್ನು’ ಎಂದು ಬಿಡಿಯಾಗಿ ನೇತಾಡುವುದಕ್ಕೂ ಕಾರಣ ಇದೇ. ಆದರೆ ಅದನ್ನು ಓದುಗರು ಕ್ಷಮಿಸಿ ಮುಂದೆ ಹೋಗುತ್ತಾರೆ. ವಿಕಾರ, ಆದರೆ ಗೊಂದಲವಲ್ಲ.

ಕರ್ತೃವಿನ ಒರೆಗಲ್ಲಿಗೂ ಒಪ್ಪದ ಗುಂಡಿಗಳಿವೆ. ‘-ಕೊಳ್ಳು’ ಹತ್ತಿದ ಧಾತುಗಳಲ್ಲಿ ಕ್ರಿಯೆಯ ಫಲ ಕರ್ತೃವಿಗೇ ಸಲ್ಲುತ್ತದೆ. ಯಂತ್ರಕ್ಕೆ ‘ಹಂಚಿಕೊ’, ‘ಇಳಿಸಿಕೊ’ ಎಂದರೆ ಅದು ತನಗಾಗಿ ಹಂಚಿಕೊಂಡು ತನಗಾಗಿ ಇಳಿಸಿಕೊಂಡಂತಾಗುತ್ತದೆ. ‘ಹಂಚು’, ‘ಇಳಿಸು’ ಎಂದರೆ ಸಾಕು. ಹೆಚ್ಚು ಕಷ್ಟದ್ದು ಲಾಗಿನ್ ಗುಂಡಿ. 'ಪ್ರವೇಶಿಸಿ' ಎಂದರೆ ಯಂತ್ರ ನನ್ನನ್ನು ಕರೆದಂತೆ, ಆದರೆ ಇನ್ನೂ ಗುರುತು ಪರೀಕ್ಷಿಸಿಲ್ಲ. ‘ಪ್ರವೇಶಿಸು’ ಎಂದರೆ ನಾನು ಯಂತ್ರವನ್ನು ಒಳಗೆ ಕಳಿಸಿದಂತೆ. ಅಲ್ಲಿ ನಾನು ನಿಜವಾಗಿ ಹೇಳಬಯಸುವುದು ‘ಒಳಗೆ ಬಿಡು’ ಎಂದು. ಯಾವ ಸಂಸ್ಥೆಯೂ ಅದನ್ನು ಅಚ್ಚುಹಾಕುವ ಧೈರ್ಯ ಮಾಡಲಿಕ್ಕಿಲ್ಲ. ಅಲ್ಲಿಯವರೆಗೆ ಚಿತ್ರಮಂದಿರದ ಬಾಗಿಲ ಮೇಲಿನ ‘ಪ್ರವೇಶ’ ಎಂಬ ಹಳೆಯ ನಾಮಪದವನ್ನೇ ಇಟ್ಟುಕೊಳ್ಳಬಹುದು. ಅದು ಯಾರ ಮಾತೂ ಅಲ್ಲ.